ಒಮ್ಮೆಯೂ ಕೊಡದವರನ್ನು ಒಮ್ಮೆಯೂ ಕರೆಯದ ಕೋಷ್ಟಕ ಮಹಾಶಯರಿಗೆ

ಮಾನ್ಯರೇ,

ತನ್‌ಲ್ವಿನ್ ದಡ ರಕ್ತದಾನಿಗಳ ಬಳಗದ ಕಚೇರಿಯ ಮೂಲೆಯಲ್ಲಿ, ಬಿಳಿ ಕಂಪ್ಯೂಟರಿನೊಳಗೆ, ಹೂವಿನ ಕಸೂತಿಯ ಹೊದಿಕೆಯಡಿ ಸುಖವಾಗಿ ಪವಡಿಸಿರುವ ದಾನಿಗಳ ಕೋಷ್ಟಕವೆಂಬ ತಮ್ಮ ಸನ್ನಿಧಾನಕ್ಕೆ, ಮೌಲಮೈನ್ ಪಟ್ಟಣದ ಲೆಕ್ಕದ ಟ್ಯೂಷನ್ ಮೇಷ್ಟ್ರಾದ ಸಾನ್ ತ್ವಿನ್ ತಲೆಬಾಗಿ ಮಾಡುವ ನಮಸ್ಕಾರಗಳು. ತಮ್ಮ ಸಾಲುಗಳೆಲ್ಲ ಕ್ಷೇಮವೆಂದೂ, ಖಾನೆಗಳೆಲ್ಲ ಆರೋಗ್ಯದಿಂದಿವೆಯೆಂದೂ, ದಿನಕ್ಕೆ ನಾಲ್ಕು ಬಾರಿ ಕೈಕೊಡುವ ನಮ್ಮ ಬೀದಿಯ ವಿದ್ಯುತ್ತು ತಮ್ಮ ವಿಶ್ರಾಂತಿಗೆ ಭಂಗ ತಂದಿಲ್ಲವೆಂದೂ ನಂಬಿದ್ದೇನೆ. ಈ ಪತ್ರವನ್ನು ಕಚೇರಿಯ ಸೂಚನಾ ಫಲಕಕ್ಕೆ ಅಂಟಿಸಲಿರುವುದರಿಂದ ದಾರಿಹೋಕರೂ ಓದಬಹುದು. ತಮ್ಮ ಅಭ್ಯಂತರವೇನೂ ಇರಲಾರದು, ಏಕೆಂದರೆ ಅಭ್ಯಂತರವನ್ನು ಬರೆದುಕೊಳ್ಳಲು ತಮ್ಮಲ್ಲಿ ಖಾನೆಯೇ ಇಲ್ಲ.

ದೂರು ಹೇಳುವ ಮೊದಲು ಒಂದು ಸಂಗತಿಯನ್ನು ಒಪ್ಪಿಕೊಂಡುಬಿಡುವುದು ಮರ್ಯಾದೆ: ತಮ್ಮನ್ನು ಸೃಷ್ಟಿಸಿದವನು ನಾನೇ. ಮೂರು ವರ್ಷಗಳ ಹಿಂದೆ ಯಾಂಗೋನಿನಲ್ಲಿ ಆರು ವಾರದ ಡೇಟಾಬೇಸ್ ತರಗತಿಗೆ ಸೇರಿ, ನನ್ನ ಮಗನಿಗಿಂತ ಚಿಕ್ಕವರ ಜೊತೆ ಬೆಂಚಿನಲ್ಲಿ ಒತ್ತರಿಸಿ ಕುಳಿತು, ಪ್ರಮಾಣಪತ್ರ ಹಿಡಿದು ಊರಿಗೆ ಮರಳಿದವನಿಗೆ ನಮ್ಮ ಬಳಗದ ಹಳೆಯ ನೋಟ್‌ಬುಕ್ಕನ್ನು ಕಂಡರೆ ಮೈಯೆಲ್ಲ ಉರಿಯುತ್ತಿತ್ತು. ಕಚೇರಿಯ ಫೋನು ನೋಡಿಕೊಳ್ಳುವ ಮಾ ಐ ಫ್ಯೂ ಅದರಲ್ಲಿ ದಾನಿಗಳ ಹೆಸರಿನ ಮುಂದೆ ‘ಊಟದ ಹೊತ್ತಲ್ಲಿ ಕರೆದರೆ ಬೈಯುತ್ತಾನೆ, ಆದರೆ ಬರುತ್ತಾನೆ’ ಎಂದೂ, ‘ಬಸುರಿ, ಮುಂದಿನ ವರ್ಷ ಕೇಳುವುದು’ ಎಂದೂ ಮನಸ್ಸಿಗೆ ಬಂದಂತೆ ಗೀಚಿಟ್ಟಿದ್ದಳು. ಇದೊಂದು ದಾಖಲೆಯೇ ಎಂದು ಮೂಗು ಮುರಿದು, ಅದನ್ನು ಬೀರುವಿನ ತಲೆಯ ಮೇಲೆ ಹಾಕಿ, ತಮ್ಮನ್ನು ಪ್ರತಿಷ್ಠಾಪಿಸಿ, ಬಳಗದ ಸಭೆಯಲ್ಲಿ ಮುಕ್ಕಾಲು ಗಂಟೆ ಭಾಷಣ ಮಾಡಿದೆ. ಆ ದಿನ ಹಂಚಿದ ಚಹಾ ಆರಿಹೋಯಿತೆಂದು ಜನ ಇವತ್ತಿಗೂ ನೆನೆಸಿಕೊಳ್ಳುತ್ತಾರೆ.

ತಮಗೆ ನಾನು ವಿಧಿಸಿದ ಕಟ್ಟಳೆಗಳಾದರೂ ಎಂಥವು! ಯಾವ ಖಾನೆಯೂ ಖಾಲಿ ಇರಕೂಡದು. ಇದ್ದರೆ ಆ ಮನುಷ್ಯನೇ ಬೇಡ. ಕೊನೆಯ ಬಾರಿ ರಕ್ತ ಕೊಟ್ಟ ತಾರೀಖು ಕಡ್ಡಾಯ. ‘ನಾನು ಇನ್ನೂ ಕೊಟ್ಟೇ ಇಲ್ಲವಲ್ಲ, ಯಾವ ತಾರೀಖು ಹಾಕಲಿ’ ಎಂದು ಕೇಳಿದವರಿಗೆ ‘ಮೊದಲು ಕೊಟ್ಟು ಬನ್ನಿ, ಆಮೇಲೆ ಹೆಸರು ಕೊಡಿ’ ಎಂದು ಹೇಳಿ ಕಳಿಸಬೇಕು. ಜನ್ಮದಿನಕ್ಕೆ ರಕ್ತ ಕೊಟ್ಟು ಪುಣ್ಯ ಕಟ್ಟಿಕೊಳ್ಳುವುದು ನಮ್ಮವರ ರೂಢಿಯಾದ್ದರಿಂದ ಹುಟ್ಟಿದ ತಾರೀಖು ಬೇಕು, ಹುಟ್ಟಿದ ವಾರವೂ ಬೇಕು, ಸುಳ್ಳು ಹೇಳುವವರನ್ನು ಹಿಡಿಯುವುದಕ್ಕಾಗಿ ಎರಡಕ್ಕೂ ತಾಳೆಯಾಗಬೇಕು. ಈ ಕೊನೆಯ ಕಟ್ಟಳೆ ಹೊಳೆದ ದಿನ ನನ್ನ ಜಾಣತನಕ್ಕೆ ನಾನೇ ಬೆರಗಾಗಿ ಎರಡು ಬಟ್ಟಲು ಮೊಹಿಂಗಾ ಮೀನುಸಾರು ಹೆಚ್ಚಿಗೆ ಕುಡಿದೆ.

ಆದರೆ ಮಾನ್ಯರೇ, ದೂರದೇಶದ ಸಂಸ್ಕಾರದ ತಮಗೆ ವಾರಕ್ಕೆ ಏಳೇ ದಿನ, ಪಗೋಡದಲ್ಲಿ ತಂತಮ್ಮ ಹುಟ್ಟಿದ ವಾರದ ಕಂಬದ ಮುಂದೆ ನಿಂತು ನೀರೆರೆಯುವ ನಮಗೆ ಎಂಟು. ಬುಧವಾರ ಮಧ್ಯಾಹ್ನದವರೆಗೆ ಬುಧನದು, ಅದರ ಪ್ರಾಣಿ ದಂತವುಳ್ಳ ಆನೆ. ಮಧ್ಯಾಹ್ನ ಕಳೆದ ಮೇಲೆ ಅದು ರಾಹುವಿನ ದಿನ, ಅದಕ್ಕೆ ದಂತವಿಲ್ಲದ ಆನೆ, ಬೇರೆ ಮೂಲೆ, ಬೇರೆ ಕಂಬ. ನಾನು ಬರ್ಮದವನೇ ಆದ್ದರಿಂದ ವಾರದ ಖಾನೆಯಲ್ಲಿ ಎಂಟು ಹೆಸರುಗಳನ್ನೂ ಶ್ರದ್ಧೆಯಿಂದ ಬರೆದಿಟ್ಟೆ. ತಾಳೆ ನೋಡುವ ಕೆಲಸವನ್ನು ಮಾತ್ರ ತಮಗೆ ಒಪ್ಪಿಸಿದೆ. ತಾವು ತಾರೀಖಿನಿಂದ ವಾರವನ್ನು ಲೆಕ್ಕ ಹಾಕಿ ‘ಇದು ಬುಧವಾರ, ಈತ ರಾಹು ಎನ್ನುತ್ತಿದ್ದಾನೆ, ಈತ ಸುಳ್ಳುಗಾರ’ ಎಂದು ರಾಹುವಿನ ಮಕ್ಕಳನ್ನೆಲ್ಲ ಒಬ್ಬರನ್ನೂ ಬಿಡದೆ ಬಾಗಿಲಿನಿಂದಲೇ ಅಟ್ಟಿದಿರಿ. ಹಾಗೆ ಅಟ್ಟಿಸಿಕೊಂಡವರಿಗೆ ‘ಸರಿಯಾದ ತಾರೀಖು ತನ್ನಿ’ ಎಂದು ಹೇಳಬೇಕೆಂಬುದು ಐ ಫ್ಯೂಗೆ ನನ್ನದೇ ಆಜ್ಞೆಯಾಗಿತ್ತು.

ನಾಲ್ಕು ತಿಂಗಳ ನಂತರ ನಾನು ತಮ್ಮ ಮುಂದೆ ಕುಳಿತು ಎಣಿಸಿದಾಗ, ಆರುನೂರಕ್ಕೂ ಹೆಚ್ಚು ದಾನಿಗಳಲ್ಲಿ ರಾಹುವಿನ ದಿನ ಹುಟ್ಟಿದವರು ಸೊನ್ನೆ. ವಾರದ ಹದಿನಾಲ್ಕನೆಯ ಒಂದು ಭಾಗವೆಂದರೂ ನಲವತ್ತು ಜನ ಇರಬೇಕಿತ್ತೆಂದು ಲೆಕ್ಕದ ಮೇಷ್ಟ್ರಿಗೆ ತಿಳಿಯದೆ ಇರುತ್ತದೆಯೇ? ತಿಳಿಯಿತು. ಆದರೆ ತಪ್ಪನ್ನು ತಮ್ಮಲ್ಲಾಗಲಿ ನನ್ನಲ್ಲಾಗಲಿ ಹುಡುಕುವ ಬದಲು ಅವರ ಸ್ವಭಾವದಲ್ಲಿ ಹುಡುಕಿದೆ. ‘ರಾಹುವಿನ ದಿನ ಹುಟ್ಟಿದ ಬಂಧುಗಳೇ, ಇಡೀ ಪಟ್ಟಣ ಕೊಡುತ್ತಿದೆ, ನೀವು ಮಾತ್ರ ಕೈ ಕಟ್ಟಿ ಕುಳಿತಿದ್ದೀರಿ, ಈ ಜಿಪುಣತನ ಸಾಕು’ ಎಂದು ದಪ್ಪಕ್ಷರದಲ್ಲಿ ಬರೆದು ಕಚೇರಿಯ ಮುಂದೆ ತೂಗುಹಾಕಿದೆ. ಚಹಾದಂಗಡಿಯಲ್ಲಿ ಇದರ ಮೇಲೆ ಒಂದು ಸಿದ್ಧಾಂತವನ್ನೂ ಮಂಡಿಸಿದೆ.

ಎರಡನೆಯ ದಿನ ಡೋ ಯಿನ್ ಮೇ ಬಂದಳು. ಕಚೇರಿಯ ಎದುರಿಗೇ, ರಸ್ತೆಯ ಆಚೆ ಬದಿಯಲ್ಲಿ, ಸೋರೆಕಾಯಿ ಬೋಂಡಾ ಕರಿದು ಮಾರುವ, ನಲವತ್ತೈದರ ಆಸುಪಾಸಿನ ಹೆಂಗಸು. ಬೋಂಡಾ ಎತ್ತುವ ಜಾಲರಿ ಸೌಟನ್ನು ಕೈಯಲ್ಲೇ ಹಿಡಿದು ಬಂದಿದ್ದರಿಂದ ನಾನು ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡೆ.

“ಮೇಷ್ಟ್ರೇ, ಮೂರು ಸಲ ಬಂದೆ ನಾನು, ಮೂರು ಸಲಾನೂ ನಿಮ್ಮ ಡಬ್ಬಿ ಉಗಿದು ಕಳಿಸ್ತು. ಕೊಟ್ಟ ತಾರೀಖು ಇಲ್ಲ ಅನ್ನೋದು ಹಾಗಿರ್ಲಿ, ಬೆಳಗ್ಗೆ ಹುಟ್ಟಿದ ಆನೆ ಬೇಕಂತೆ, ಸಾಯಂಕಾಲ ಹುಟ್ಟಿದ ಆನೆ ಬೇಡ್ವಂತೆ! ಸುಮ್ನಿದ್ರೆ, ಈಗ ನಾನೇ ಜಿಪುಣಿ ಅಂತ ಬೋರ್ಡ್ ಬೇರೆ ಹಾಕಿದೀರಲ್ಲ, ನಾಚ್ಕೆ ಆಗಲ್ವಾ?”

ನಾನು ಅತ್ಯಂತ ಸಮಾಧಾನದಿಂದ, ಬೆಳಗಿನ ಹೊತ್ತೇ ಹುಟ್ಟಿದ್ದಿರಬಹುದು, ತಾಯಿಯವರನ್ನು ಇನ್ನೊಮ್ಮೆ ವಿಚಾರಿಸಿ ನೋಡಿ ಎಂದು ಸಲಹೆ ಕೊಟ್ಟೆ.

“ಅವ್ವ ಹೋಗಿ ಹನ್ನೊಂದು ವರ್ಷ ಆಯ್ತು. ನೀವೇ ಹೋಗಿ ಕೇಳ್ಕೊಂಡು ಬನ್ನಿ, ನಾನು ಇಲ್ಲೇ ಕಾಯ್ತೀನಿ,” ಎಂದಳು.

ಹೀಗೆ ಸತ್ಯವು ಜಾಲರಿ ಸೌಟಿನ ಸಮೇತ ಎದುರಿಗೆ ನಿಂತ ಮೇಲೆ ಬೋರ್ಡನ್ನು ಇಳಿಸಿದೆ, ತಾಳೆಯ ಕಟ್ಟಳೆಯನ್ನು ಅಳಿಸಿದೆ. ಕಠಿಣನಾಗಿದ್ದವನು ಒಮ್ಮೆಗೇ ಉದಾರಿಯಾದರೆ ಆಗುವ ಅನಾಹುತ ಎಂಥದೆಂದು ಆಗ ಗೊತ್ತಿರಲಿಲ್ಲ. ಹೆಸರು, ರಕ್ತದ ಗುಂಪು, ಫೋನ್ ನಂಬರು ಬಿಟ್ಟು ಮಿಕ್ಕ ಯಾವ ಖಾನೆಯನ್ನಾದರೂ ಖಾಲಿ ಬಿಡಬಹುದು, ಒಮ್ಮೆಯೂ ಕೊಡದವರೂ ಹೆಸರು ಬರೆಸಬಹುದು ಎಂದು ಸಾರಿದೆ. ಜನ ಬಂದರು. ಡೋ ಯಿನ್ ಮೇ ಉಟ್ಟ ಲುಂಗಿಗೆ ಕೈ ಒರೆಸಿಕೊಂಡು ಆಸ್ಪತ್ರೆಯ ಹಳೆಯ ಚೀಟಿಯೊಂದನ್ನು ಮೇಜಿನ ಮೇಲಿಟ್ಟಳು. ಓ ನೆಗೆಟಿವ್. ನಮ್ಮ ಕಡೆ ನೂರು ಜನರಲ್ಲಿ ಒಬ್ಬರಿಗೂ ಸಿಗದ ರಕ್ತ. ಐ ಫ್ಯೂ ಕಣ್ಣರಳಿಸಿ ಅದನ್ನು ಹೇಳಿದಾಗ ಆಕೆಯ ಮುಖ ನೋಡಬೇಕಿತ್ತು. ತನ್ನ ಹತ್ತಿರ ಬೇರೆಯವರಲ್ಲಿಲ್ಲದ ವಸ್ತುವೊಂದಿದೆ ಎಂದು ಆಕೆಗೆ ಹುಟ್ಟಿದಂದಿನಿಂದ ಯಾರೂ ಹೇಳಿರಲಿಲ್ಲವೆಂದು ಕಾಣುತ್ತದೆ.

ಅಂದಿನಿಂದ ಆಕೆ ಕಾದಳು. ತಿಂಗಳಿಗೊಮ್ಮೆ ರಸ್ತೆ ದಾಟಿ ಬಂದು ಕೇಳುತ್ತಿದ್ದಳು, “ಏನ್ ಮೇಷ್ಟ್ರೇ, ನನ್ನ ರಕ್ತ ಹಳಸಿಹೋಗೋವರೆಗೂ ಕರೆಯಲ್ವಾ?” ನಾನು ತಮ್ಮ ಹೊದಿಕೆಯನ್ನು ಸರಿಸಿ ಆಕೆಯ ಸಾಲನ್ನು ತೋರಿಸಿ, ಹೆಸರು ಇದೆ ನೋಡಿ, ಹೊತ್ತು ಬಂದಾಗ ಕೋಷ್ಟಕವೇ ಕರೆಯುತ್ತದೆ, ಅದಕ್ಕೆ ನಮ್ಮ ನಿಮ್ಮಂತೆ ಮರೆವು ಇಲ್ಲ ಎಂದು ಹೇಳಿ ಕಳಿಸುತ್ತಿದ್ದೆ. ಎರಡು ವರ್ಷಕ್ಕೂ ಮಿಕ್ಕಿ ಹೀಗೆ ನಡೆಯಿತು. ಆ ಅವಧಿಯಲ್ಲಿ ನೆಗೆಟಿವ್ ಗುಂಪಿನ ರಕ್ತ ಬೇಕೆಂದು ಮೂರು ಬಾರಿ ಕರೆ ಬಂತು, ಮೂರು ಬಾರಿಯೂ ಹಳೆಯ ದಾನಿಗಳೇ ಹೋಗಿ ಕೊಟ್ಟು ಬಂದರು.

ಈಗ ಕಳೆದ ತಿಂಗಳ ಎರಡನೆಯ ಶುಕ್ರವಾರಕ್ಕೆ ಬರುತ್ತೇನೆ. ಬೆಳಗ್ಗೆ ಹನ್ನೊಂದೂವರೆಗೆ ಬೀಲೂ ದ್ವೀಪದ ಮೀನುಗಾರನೊಬ್ಬ ಆಸ್ಪತ್ರೆಯ ಚೀಟಿ ಹಿಡಿದು ಕಚೇರಿಗೆ ಓಡಿಬಂದ. ಹೆಂಡತಿ ಮಿ ಚಾನ್ ಮೋನ್‌ಗೆ ಮುಂಜಾನೆ ಹೆರಿಗೆಯಾಗಿತ್ತು, ಮಗು ಚೆನ್ನಾಗಿತ್ತು, ತಾಯಿಯ ರಕ್ತ ನಿಲ್ಲುತ್ತಿರಲಿಲ್ಲ. ಚೀಟಿಯಲ್ಲಿ ಓ ನೆಗೆಟಿವ್ ಎಂದಿತ್ತು. “ಲಿಸ್ಟು ನಿಮ್ಮತ್ರ ಇದೆ ಅಂದ್ರು ಮೇಷ್ಟ್ರೇ, ಬೇಗ ನೋಡಿ,” ಎಂದು ಅವನು ಬಾಗಿಲ ಚೌಕಟ್ಟು ಹಿಡಿದು ನಿಂತ. ನಾನು ತಮ್ಮನ್ನು ಪ್ರಾರ್ಥಿಸಿದೆ: ಓ ನೆಗೆಟಿವ್ ಗುಂಪಿನವರಲ್ಲಿ, ಕೊನೆಯ ಬಾರಿ ಕೊಟ್ಟು ನಾಲ್ಕು ತಿಂಗಳು ಕಳೆದವರು ಯಾರು? ತಾವು ಕಣ್ಣೆವೆ ಇಕ್ಕುವಷ್ಟರಲ್ಲಿ ಎರಡು ಹೆಸರು ಕೊಟ್ಟಿರಿ. ಒಬ್ಬ ಕೆಲಸ ಹುಡುಕಿಕೊಂಡು ಥಾಯ್ಲೆಂಡಿನ ಮಹಾಚಾಯ್ ಸೇರಿದ್ದ. ಇನ್ನೊಬ್ಬ ಡೆಂಗಿ ಜ್ವರದಿಂದ ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ ಮಲಗಿದ್ದ.

ಐ ಫ್ಯೂ ತಲೆಯೆತ್ತಿ, “ಎದುರುಗಡೆ ಯಿನ್ ಮೇ ಅಕ್ಕ ಇದಾಳಲ್ಲ ಮೇಷ್ಟ್ರೇ?” ಎಂದಳು.

ಆಗ ನಾನು ಆಡಿದ ಮಾತನ್ನು ಈ ಬಹಿರಂಗ ಪತ್ರದಲ್ಲಿ ಹಾಗೆಯೇ ಬರೆಯುತ್ತೇನೆ, ಓದಿದವರು ಉಗಿಯಲಿ. “ಆಕೆ ಪಟ್ಟಿಯಲ್ಲಿ ಬಂದಿಲ್ಲ. ಕೊಡೋಕೆ ಅರ್ಹತೆ ಇದ್ದಿದ್ರೆ ಕೋಷ್ಟಕ ಹೇಳದೆ ಇರ್ತಿತ್ತಾ? ಏನೋ ಕಾರಣ ಇರುತ್ತೆ,” ಎಂದೆ. ಎಂದವನು ಸುಮ್ಮನಿರದೆ ಪ್ರಶ್ನೆಯನ್ನು ಎರಡನೆಯ ಬಾರಿ ಕೇಳಿದೆ, ಮೂರನೆಯ ಬಾರಿ ಕೇಳಿದೆ, ಯಂತ್ರವನ್ನು ಆರಿಸಿ ಹೊತ್ತಿಸಿ ಕೇಳಿದೆ. ಇಪ್ಪತ್ತು ನಿಮಿಷ. ಕಿಟಕಿಯಿಂದ ಬೋಂಡಾದ ಎಣ್ಣೆಯ ವಾಸನೆ ಒಳಗೆ ಬರುತ್ತಿತ್ತು. ಆ ಮೀನುಗಾರ ನನ್ನ ಬೆನ್ನ ಹಿಂದೆ ನಿಂತು ಪರದೆಯನ್ನೂ ನನ್ನ ಕೈಯನ್ನೂ ನೋಡುತ್ತಿದ್ದ. ಓದು ಬಲ್ಲವನು ಏನೋ ದೊಡ್ಡ ಕೆಲಸ ಮಾಡುತ್ತಿದ್ದಾನೆಂದು ನಂಬಿಕೊಂಡಿದ್ದ.

ಕೊನೆಗೆ ಐ ಫ್ಯೂ, “ನಿಮ್ಮ ಕೋಷ್ಟಕ ಹಾಳಾಗ್ ಹೋಗ್ಲಿ!” ಎಂದು ಎದ್ದು ಬಾಗಿಲಿಗೆ ಹೋಗಿ, “ಯಿನ್ ಮೇ ಅಕ್ಕಾ, ರಕ್ತ ಬೇಕಂತೆ, ಬಾರೇ!” ಎಂದು ಕೂಗಿದಳು. ಕೂಗಿದ್ದು ಒಂದೇ ಸಲ. ಡೋ ಯಿನ್ ಮೇ ಒಲೆ ಆರಿಸಿ, ಬಾಣಲೆಯನ್ನು ಪಕ್ಕದ ಎಲೆಯಡಿಕೆಯವನಿಗೆ ಒಪ್ಪಿಸಿ, ಮೀನುಗಾರನ ಮೋಟಾರ್ ಬೈಕಿನ ಹಿಂದೆ ಕುಳಿತು ಹೊರಟೇಬಿಟ್ಟಳು.

ಮಿ ಚಾನ್ ಮೋನ್ ಬದುಕಿದಳು. “ಇನ್ನೊಂದರ್ಧ ಗಂಟೆ ತಡ ಆಗಿದ್ರೆ ನಾನು ನಿಮಗೆ ಬೇರೆ ಸುದ್ದಿ ಹೇಳ್ಬೇಕಾಗ್ತಿತ್ತು,” ಎಂದು ಡಾಕ್ಟರಮ್ಮ ಐ ಫ್ಯೂಗೆ ಫೋನಿನಲ್ಲಿ ಹೇಳಿದರಂತೆ. ಆ ಅರ್ಧ ಗಂಟೆಯಲ್ಲಿ ಇಪ್ಪತ್ತು ನಿಮಿಷ ತಮ್ಮ ಗೌರವವನ್ನು ಕಾಪಾಡುವುದರಲ್ಲಿ ನಾನು ಕಳೆದಿದ್ದೆನೆಂಬುದನ್ನು ಡಾಕ್ಟರಮ್ಮನಿಗೆ ಯಾರೂ ತಿಳಿಸಲಿಲ್ಲ.

ಆ ದಿನ ಮಧ್ಯಾಹ್ನವೇ ತಮ್ಮನ್ನು ಬಿಚ್ಚಿ ಕುಳಿತೆ. ತಮ್ಮ ತರ್ಕ ಎಷ್ಟು ನಿರ್ಮಲವಾದದ್ದು, ಮಾನ್ಯರೇ! ‘ಕೊನೆಯ ಬಾರಿ ಕೊಟ್ಟು ನಾಲ್ಕು ತಿಂಗಳು ಕಳೆಯಿತೇ’ ಎಂದು ಕೇಳಿದರೆ ತುಂಬಿದ ಖಾನೆ ಹೌದು ಎನ್ನುತ್ತದೆ, ಇಲ್ಲ ಎನ್ನುತ್ತದೆ. ಖಾಲಿ ಖಾನೆ ಹೌದೂ ಎನ್ನುವುದಿಲ್ಲ, ಇಲ್ಲವೂ ಎನ್ನುವುದಿಲ್ಲ, ‘ಗೊತ್ತಿಲ್ಲ’ ಎನ್ನುತ್ತದೆ. ಕರೆಯುವ ಹೊತ್ತಿನಲ್ಲಿ ತಾವು ಹೌದು ಎಂದವರನ್ನು ಮಾತ್ರ ಕರೆಯುತ್ತೀರಿ. ಅಂದರೆ ಒಮ್ಮೆಯೂ ಕೊಡದವರು, ಕೊಡಬೇಕೆಂದು ಹಂಬಲಿಸಿ ಬಂದವರು, ಒಮ್ಮೆಯೂ ಕೊಡದಿರುವ ಕಾರಣಕ್ಕಾಗಿಯೇ ಎಂದೆಂದಿಗೂ ಕರೆಯಲ್ಪಡುವುದಿಲ್ಲ. ಇನ್ನೂ ಸೊಗಸಾದ ಸಂಗತಿಯೆಂದರೆ ಹೆಸರು ಬರೆಸುವ ಹೊತ್ತಿನಲ್ಲಿ ತಮ್ಮದು ಬೇರೆಯೇ ನ್ಯಾಯ. ‘ಕೊಟ್ಟ ತಾರೀಖು ಇವತ್ತಿಗಿಂತ ಮುಂದಿನದಾಗಿರಬಾರದು’ ಎಂಬ ಕಟ್ಟಳೆಗೂ ಖಾಲಿ ಖಾನೆ ‘ಗೊತ್ತಿಲ್ಲ’ ಎಂದೇ ಹೇಳಿತ್ತು, ಅಲ್ಲಿ ಮಾತ್ರ ತಾವು ‘ಇಲ್ಲ ಎನ್ನಲಿಲ್ಲವಲ್ಲ, ಒಳಗೆ ಬನ್ನಿ’ ಎಂದು ಬಾಗಿಲು ತೆರೆದಿರಿ. ಬಾಗಿಲಲ್ಲಿ ನಗುನಗುತ್ತ ಬರಮಾಡಿಕೊಂಡು, ಪಂಕ್ತಿಯಲ್ಲಿ ಕೂರಿಸಿ, ಬಡಿಸುವಾಗ ಅದೇ ಮುಖಗಳನ್ನು ದಾಟಿಹೋಗುವ ಇಂಥ ಆತಿಥ್ಯವನ್ನು ನಾನು ಬೇರೆ ಯಾವ ಮನೆಯಲ್ಲೂ ಕಂಡಿಲ್ಲ.

ಹೀಗೆ ಪಂಕ್ತಿಯಲ್ಲಿ ಕುಳಿತು ಹಸಿದಿದ್ದವರು ಎಷ್ಟು ಜನರೆಂದು ಎಣಿಸಿದೆ. ಇನ್ನೂರ ಹದಿನಾಲ್ಕು. ಎರಡು ವರ್ಷ ಅವರ ಪಾಲಿನ ಕರೆಗಳನ್ನೂ ಹಳೆಯ ದಾನಿಗಳೇ ಹೊತ್ತು ಸುಸ್ತಾಗಿದ್ದರು. ನಾನು ಅದನ್ನು ಕಂಡು ‘ಈಚಿನವರಲ್ಲಿ ಉತ್ಸಾಹವಿಲ್ಲ’ ಎಂದು ಮತ್ತೊಂದು ಸಿದ್ಧಾಂತ ಕಟ್ಟಿದ್ದೆ.

ಗಾಬರಿಯಲ್ಲಿ ಮಾಡಿದ ದುರಸ್ತಿ ಇನ್ನಷ್ಟು ಘನವಾಗಿತ್ತು. ಖಾಲಿಯಿದ್ದ ಇನ್ನೂರ ಹದಿನಾಲ್ಕು ಖಾನೆಗಳಿಗೂ ತುಂಬಾ ಹಿಂದಿನ ಒಂದು ತಾರೀಖನ್ನು ತುಂಬಿಬಿಟ್ಟರೆ ನಾಲ್ಕು ತಿಂಗಳು ಖಂಡಿತ ಕಳೆದಿರುತ್ತದಲ್ಲ ಎಂದು, 1900ನೇ ಇಸವಿಯ ಜನವರಿ ಒಂದು ಎಂದು ಒಂದೇ ಏಟಿಗೆ ತುಂಬಿದೆ. ತಾರೀಖು ತುಂಬಿದ ಕೂಡಲೇ ಧನ್ಯವಾದದ ಸಂದೇಶ ತಾನಾಗಿ ಹೋಗಬೇಕೆಂದು ತಮಗೆ ಕಲಿಸಿದ್ದವನೂ ನಾನೇ ಎಂಬುದು ಮರೆತುಹೋಗಿತ್ತು. ‘1900ನೇ ಇಸವಿ ಜನವರಿ ಒಂದರಂದು ತಾವು ನೀಡಿದ ರಕ್ತಕ್ಕೆ ಬಳಗವು ಚಿರಋಣಿ’ ಎಂದು ಇನ್ನೂರ ಹದಿನಾಲ್ಕು ಮೊಬೈಲುಗಳಿಗೆ ತಾವು ನಿಷ್ಠೆಯಿಂದ ತಿಳಿಸಿದಿರಿ. ಒಬ್ಬರು ಫೋನ್ ಮಾಡಿ, “ಅದು ನಾನಲ್ಲ ಮೇಷ್ಟ್ರೇ, ನಮ್ಮ ಮುತ್ತಜ್ಜ ಇರ್ಬೇಕು, ಆದ್ರೂ ಸಂತೋಷ,” ಎಂದರು. ಇನ್ನೊಬ್ಬಾಕೆ ಅತ್ತಳು. ಎರಡು ವರ್ಷದ ಮೇಲೆ ನಮ್ಮಿಂದ ಬಂದ ಮೊದಲ ಮಾತು ಅದಾಗಿತ್ತಂತೆ. ತಾನು ಬೇಡವಾದವಳೇನೋ ಎಂದುಕೊಂಡಿದ್ದಳಂತೆ.

ಆ ಸಂದೇಶ, ಮಾನ್ಯರೇ, ನನ್ನ ಅಂಗಿಯ ಜೇಬಿನಲ್ಲೂ ಟಿಣ್ ಎಂದಿತು.

ತೆಗೆದು ಓದಿದೆ. ಪಕ್ಕದಲ್ಲೇ ಇದ್ದ ಐ ಫ್ಯೂ ಕೂಡ ಓದಿದಳು. ಕಟ್ಟಳೆ ಸಡಿಲಿಸಿದ ದಿನವೇ ಎಲ್ಲರಿಗಿಂತ ಮೊದಲು ಹೆಸರು ಬರೆಸಿಕೊಂಡವನು ನಾನು, ಇನ್ನೂರ ಹದಿನಾಲ್ಕರಲ್ಲಿ ಮೊದಲನೆಯವನು, ಒಮ್ಮೆಯೂ ಕೊಡದವನು. ಶಿಬಿರದ ವೇದಿಕೆಗಳಲ್ಲಿ ನಿಂತು ಕೊಡಿ ಕೊಡಿ ಎಂದು ಗಂಟಲು ಹರಿದುಕೊಂಡವನಿಗೆ ಸೂಜಿಯೆಂದರೆ ಪ್ರಾಣಭಯವೆಂದು ನನ್ನ ಹೆಂಡತಿಗೆ ಬಿಟ್ಟು ಯಾರಿಗೂ ತಿಳಿಯದು. ಕೋಷ್ಟಕ ಕರೆದಾಗ ಹೋದರಾಯಿತು ಎಂದುಕೊಂಡೆ. ಕೋಷ್ಟಕ ಕರೆಯಲಿಲ್ಲ. ನಾಲ್ಕು ತಿಂಗಳಾಯಿತು, ಕರೆಯಲಿಲ್ಲ, ವರ್ಷವಾಯಿತು, ಕರೆಯಲಿಲ್ಲ. ಡೋ ಯಿನ್ ಮೇ ತಿಂಗಳಿಗೊಮ್ಮೆ ರಸ್ತೆ ದಾಟಿ ಬಂದು ‘ಯಾಕೆ ಕರೆಯಲಿಲ್ಲ’ ಎಂದು ಕೇಳಿದಳು. ನನಗೂ ಆ ಪ್ರಶ್ನೆ ಇತ್ತು, ನಾನು ಕೇಳಲಿಲ್ಲ. ಕೇಳಿದ್ದರೆ ಮೊದಲ ವರ್ಷದಲ್ಲೇ ತಮ್ಮ ದೋಷ ಗೊತ್ತಾಗುತ್ತಿತ್ತು. ನನಗೀಗ ಐವತ್ತಮೂರು; ನಮ್ಮ ಬಳಗದ ಕಟ್ಟಳೆಯಂತೆ ಐವತ್ತೈದು ದಾಟಿದವರಿಂದ ರಕ್ತ ತೆಗೆಯುವುದಿಲ್ಲ. ಇನ್ನೆರಡು ವರ್ಷ ಈ ಪ್ರಶ್ನೆ ಯಾರಿಗೂ ಹೊಳೆಯದಿರಲಿ ಎಂದು ಒಳಗೊಳಗೇ ಹಾರೈಸುತ್ತಿದ್ದೆನೇ ಎಂದು ತಾವು ಕೇಳಿದರೆ, ಹೌದು ಎನ್ನಲಾರೆ, ಇಲ್ಲ ಎನ್ನಲೂ ಆರೆ.

ಐ ಫ್ಯೂ ಮೊಬೈಲನ್ನು ನನ್ನ ಕೈಗೆ ವಾಪಸು ಕೊಡುತ್ತ, “ನೀವೂನಾ ಮೇಷ್ಟ್ರೇ?” ಎಂದಳು, ಅಷ್ಟೇ.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆಗಳು. ಖಾಲಿ ಖಾನೆಯ ಹಿಂದೆ ಮನುಷ್ಯನೊಬ್ಬ ಕಾಯುತ್ತ ಕುಳಿತಿದ್ದರೆ ತಾವು ದಯಮಾಡಿ ಒಮ್ಮೆ ಕೆಮ್ಮಬೇಕು. ‘ಗೊತ್ತಿಲ್ಲ’ ಎಂಬುದನ್ನು ‘ಇಲ್ಲ’ ಎಂದು ನಾನು ಓದಿಕೊಳ್ಳುವ ಗಳಿಗೆಯಲ್ಲಿ ತಮ್ಮ ಪರದೆ ನಾಚಿ ಕೆಂಪಗಾಗಬೇಕು. ಯಾವ ಪ್ರಶ್ನೆಯನ್ನು ನಾನು ಬೇಕೆಂದೇ ಕೇಳದೆ ಬಿಟ್ಟಿದ್ದೇನೋ ಅದಕ್ಕೆ ಕೇಳದೆಯೇ ಉತ್ತರ ಕೊಡುವ ಕ್ರಮವನ್ನು ಈ ವರ್ಷದಿಂದಲೇ ಜಾರಿಗೆ ತರಬೇಕು. 1900ರ ಸುಳ್ಳನ್ನು ನಾನು ಅಳಿಸಿದ್ದೇನೆ. ಖಾಲಿಯನ್ನು ಖಾಲಿಯಾಗಿಯೇ ಬಿಟ್ಟು, ‘ಇನ್ನೂ ಕೊಡದವರನ್ನೂ ಕರೆಯಿರಿ’ ಎಂದು ಪ್ರಶ್ನೆಯ ಕೊನೆಗೆ ಸೇರಿಸಿದ್ದೇನೆ. ಎರಡು ವರ್ಷದ ತಪ್ಪಿಗೆ ಮದ್ದು ಅರ್ಧ ಸಾಲು. ಇಷ್ಟು ಚಿಕ್ಕದಾಗಿರದಿದ್ದರೆ ನನ್ನ ಮಾನ ಸ್ವಲ್ಪವಾದರೂ ಉಳಿಯುತ್ತಿತ್ತು.

ಊರಿನವರು ನನ್ನ ಹೆಸರಿಗೆ ಸೇರಿಸುವ ‘ಊ’ ಎಂಬ ಹಿರಿಯರ ಬಿರುದನ್ನು ಈ ಪತ್ರದ ಮಟ್ಟಿಗೆ ನಾನೇ ಕಳಚಿಟ್ಟು ಸಹಿ ಮಾಡುತ್ತಿದ್ದೇನೆ.

ತಮ್ಮ ವಿಶ್ವಾಸಿ,
ತಮ್ಮ ಸೃಷ್ಟಿಕರ್ತನೂ ತಮ್ಮ ಖಾಲಿ ಖಾನೆಗಳಲ್ಲಿ ಮೊದಲನೆಯವನೂ ಆದ,
ಸಾನ್ ತ್ವಿನ್

ವಿಶೇಷ ಸೂಚನೆ: ಪತ್ರ ಅಂಟಿಸುವ ಮೊದಲು, ಮೊನ್ನೆ ಸೋಮವಾರ, ಐ ಫ್ಯೂ ಜೊತೆಗೆ ಆಸ್ಪತ್ರೆಗೆ ಹೋಗಿ ಕೊಟ್ಟು ಬಂದೆ. ನರ್ಸು ಇನ್ನೂ ಹತ್ತಿಯಿಂದ ತೋಳು ಒರೆಸುತ್ತಿರುವಾಗಲೇ ನಾನು ಪ್ರಜ್ಞೆ ತಪ್ಪಿದ್ದರಿಂದ ಮುಂದಿನ ವಿವರಗಳನ್ನು ಅವರೇ ಬಲ್ಲರು. ಐ ಫ್ಯೂ ಕಚೇರಿಗೆ ಮರಳಿದವಳೇ ನನ್ನ ಸಾಲಿನಲ್ಲಿ ತಾರೀಖು ತುಂಬಿ, ಇನ್ನು ನಾಲ್ಕು ತಿಂಗಳಿಗೊಮ್ಮೆ ತಾವು ನನ್ನನ್ನು ತಪ್ಪದೆ ಕರೆಯುವಿರೆಂದು ನಗುತ್ತ ತಿಳಿಸಿದಳು. ತಮ್ಮ ವಿರುದ್ಧ ಮೇಲೆ ಬರೆದದ್ದನ್ನೆಲ್ಲ ಹಿಂತೆಗೆದುಕೊಳ್ಳಲು ನಾನು ಸಿದ್ಧ, ಒಬ್ಬನ ವಿಷಯದಲ್ಲಿ ಮಾತ್ರ ತಾವು ಹಳೆಯ ಪದ್ಧತಿಯನ್ನೇ ಮುಂದುವರಿಸುವುದಾದರೆ.